ಮೂರು ಸಲ ಅರಿವಳಿಕೆ ಪಡೆದ ಮರಿಗಳು: ಅಟ್ಲಾಂಟಾದ ಕೋತಿಗಳ ಪ್ರಕರಣ

ಅಮೆರಿಕದ ಅಟ್ಲಾಂಟಾದಲ್ಲಿ ಎಮೊರಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೋತಿಗಳ ಸಂಶೋಧನಾ ಕೇಂದ್ರವೊಂದಿದೆ. ಬಹಳ ವರ್ಷ ಅದರ ಹೆಸರು ಯರ್ಕೀಸ್ ಕೇಂದ್ರ ಎಂದಿತ್ತು. 2022ರಲ್ಲಿ ಎಮೊರಿ ಕೇಂದ್ರ ಎಂದು ಬದಲಾಯಿತು. ಅಲ್ಲಿ ಹುಟ್ಟಿದ ಒಂದಷ್ಟು ರೀಸಸ್ ಕೋತಿಮರಿಗಳಿಗೆ, ಹುಟ್ಟಿ 6ರಿಂದ 10 ದಿನವಾದಾಗ, ನಾಲ್ಕು ಗಂಟೆ ಅರಿವಳಿಕೆ ಕೊಟ್ಟರು. ಎರಡು ವಾರ ಬಿಟ್ಟು ಮತ್ತೆ ನಾಲ್ಕು ಗಂಟೆ. ಇನ್ನೆರಡು ವಾರ ಕಳೆದ ಮೇಲೆ ಮೂರನೇ ಸಲ. ಆಪರೇಷನ್ ಏನೂ ಮಾಡಲಿಲ್ಲ. ಸುಮ್ನೆ ಮಲಗಿಸಿ, ಎಚ್ಚರವಾದ ಮೇಲೆ ಮರಿಯನ್ನು ತಾಯಿಗೆ ಒಪ್ಪಿಸಿದರು. ಆಮೇಲೆ ಆ ಮರಿಗಳು ಬೆಳೆಯುತ್ತಾ ಹೋದ ಹಾಗೆ ಅವುಗಳ ಹೆದರಿಕೆಯನ್ನೂ ನೆನಪನ್ನೂ ಮತ್ತೆ ಮತ್ತೆ ಪರೀಕ್ಷೆ ಮಾಡಿದರು.

ಎಳೆಯ ಮಿದುಳಿಗೆ ಅರಿವಳಿಕೆ ಏನು ಮಾಡುತ್ತದೆ ಎಂದು ಕೇಳಿದ ಅಧ್ಯಯನಗಳು ಬೇಕಾದಷ್ಟಿವೆ. ಹೆಚ್ಚಿನವು ಇಲಿಗಳ ಮೇಲೆ ನಡೆದವು. ಅವುಗಳಲ್ಲಿ ಹಾನಿ ಕಂಡಾಗಲೆಲ್ಲ ಆಪರೇಷನ್ ಥಿಯೇಟರಿನ ವೈದ್ಯರು ಒಂದಲ್ಲ ಒಂದು ಆಕ್ಷೇಪಣೆ ಎತ್ತಿದರು. ಆ ಆಕ್ಷೇಪಣೆಗಳು ನ್ಯಾಯವಾದವೇ. ಅಟ್ಲಾಂಟಾದ ತಂಡ ಅವನ್ನು ಒಂದೊಂದಾಗಿ ಬಗೆಹರಿಸಲು ನೋಡಿತು. ಅಷ್ಟಾದ ಮೇಲೂ ಮರಿಗಳಲ್ಲಿ ವ್ಯತ್ಯಾಸ ಉಳಿದುಕೊಂಡಿತು. ಅದು ಮೊದಲು ಕಂಡದ್ದು ಸ್ವಭಾವದಲ್ಲಿ. ನೆನಪಿನಲ್ಲಿ ಕಂಡದ್ದು ಬಹಳ ತಡವಾಗಿ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಕಾರಣ ಈ ಎರಡು ಸಂಗತಿಗಳು. ಪದೇ ಪದೇ ಅರಿವಳಿಕೆ ಬೇಕಾಗುವ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಅವರ ಅಪ್ಪ ಅಮ್ಮಂದಿರಿಗೆ ಇದು ಸರಿಯಾದ ಅಳತೆಯಲ್ಲಿ ತಿಳಿಯಬೇಕು. ಹೆದರುವಷ್ಟೂ ಅಲ್ಲ, ಕಡೆಗಣಿಸುವಷ್ಟೂ ಅಲ್ಲ.

ಇಲಿಗಳಲ್ಲಿ ಕಂಡದ್ದು, ವೈದ್ಯರು ಕೇಳಿದ್ದು

ಇಪ್ಪತ್ತನೇ ಶತಮಾನದ ಕೊನೆಯವರೆಗೂ ನಂಬಿಕೆ ಸರಳವಾಗಿತ್ತು. ಔಷಧಿ ದೇಹದಿಂದ ಹೊರಗೆ ಹೋದರೆ ಅರಿವಳಿಕೆ ಮುಗಿಯಿತು, ಮಿದುಳು ಮೊದಲಿನಂತೆ ಆಗುತ್ತದೆ ಎಂದು. 1999ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಓಲ್ನಿ ಅವರ ತಂಡ ಈ ನಂಬಿಕೆಯನ್ನು ಅಲುಗಾಡಿಸಿತು. ನರಕೋಶಗಳ ಮೇಲೆ ಎನ್‌ಎಂಡಿಎ ಎಂಬ ಗ್ರಾಹಕಗಳಿವೆ, ಪಕ್ಕದ ಕೋಶಗಳ ಸಂಕೇತವನ್ನು ಹಿಡಿಯುವ ಅಣುಗಳು ಅವು. ಮಿದುಳು ಭರದಿಂದ ಬೆಳೆಯುತ್ತಿರುವ ದಿನಗಳಲ್ಲಿ ಅವನ್ನು ಕೆಲವು ಗಂಟೆ ಮುಚ್ಚಿಟ್ಟರೆ, ಇಲಿಮರಿಯ ನರಕೋಶಗಳು ದೊಡ್ಡ ಸಂಖ್ಯೆಯಲ್ಲಿ ತಾವಾಗಿಯೇ ಸಾಯುತ್ತವೆ ಎಂದು ಅವರು ತೋರಿಸಿದರು. ಅರಿವಳಿಕೆಯ ಔಷಧಿಗಳಾದ ಕೆಟಮಿನ್ ಮತ್ತು ನೈಟ್ರಸ್ ಆಕ್ಸೈಡ್ ಕೆಲಸ ಮಾಡುವುದು ಇದೇ ಗ್ರಾಹಕಗಳ ಮೇಲೆ.

2003ರಲ್ಲಿ ವೆಸ್ನಾ ಯೆವ್ಟೊವಿಚ್-ಟೊಡೊರೊವಿಚ್ ಮತ್ತು ಓಲ್ನಿ ಸೇರಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಏಳು ದಿನದ ಇಲಿಮರಿಗಳಿಗೆ ಮಿಡಜೊಲಾಮ್, ನೈಟ್ರಸ್ ಆಕ್ಸೈಡ್, ಐಸೊಫ್ಲುರೇನ್ ಮೂರನ್ನೂ ಸೇರಿಸಿ ಆರು ಗಂಟೆ ಕೊಟ್ಟರು. ಮೂರೂ ಮಕ್ಕಳ ಆಪರೇಷನ್‌ನಲ್ಲಿ ಬಳಸುವ ಔಷಧಿಗಳೇ. ಮರಿಗಳ ಮಿದುಳಿನ ಹಲವು ಭಾಗಗಳಲ್ಲಿ ನರಕೋಶಗಳು ಸತ್ತಿದ್ದವು. ಉಳಿದ ಮರಿಗಳನ್ನು ಬೆಳೆಯಲು ಬಿಟ್ಟು, ದೊಡ್ಡವಾದ ಮೇಲೆ ನೀರಿನ ತೊಟ್ಟಿಯಲ್ಲಿ ಈಜಿಸಿದರು. ನೀರಿನ ಅಡಿಯಲ್ಲಿ ಕಾಣದಂತೆ ಒಂದು ಮಣೆ ಇರುತ್ತದೆ. ಅದು ಎಲ್ಲಿದೆ ಎಂದು ಇಲಿ ನೆನಪಿಟ್ಟುಕೊಳ್ಳಬೇಕು. ಅರಿವಳಿಕೆ ಪಡೆದಿದ್ದ ಇಲಿಗಳು ಇದನ್ನು ಕಲಿಯುವುದರಲ್ಲಿ ಹಿಂದೆ ಬಿದ್ದವು.

ಈ ವರದಿ ಬಂದ ಮೇಲೆ ಮಕ್ಕಳ ಅರಿವಳಿಕೆ ತಜ್ಞರಿಗೆ ನೆಮ್ಮದಿ ಹೋಯಿತು. ಆದರೆ ಅವರ ಪ್ರಶ್ನೆಗಳೂ ಗಟ್ಟಿಯಾಗಿದ್ದವು. ಇಲಿಯ ಮಿದುಳು ಕೆಲವೇ ವಾರಗಳಲ್ಲಿ ಬೆಳೆದು ಮುಗಿಯುತ್ತದೆ. ಅದಕ್ಕೆ ಆರು ಗಂಟೆ ಅಂದರೆ ಮಗುವಿಗೆ ಎಷ್ಟು? ಬೆರಳುದ್ದದ ಮರಿಗೆ ಉಸಿರಿನ ಕೊಳವೆ ಹಾಕುವುದು ಕಷ್ಟ. ಗಂಟೆಗೊಮ್ಮೆ ರಕ್ತ ತೆಗೆದು ನೋಡುವುದೂ ಕಷ್ಟ. ಆಮ್ಲಜನಕ ಕಡಿಮೆಯಾಗಿಯೋ ಸಕ್ಕರೆ ಇಳಿದೋ ನರಕೋಶಗಳು ಸತ್ತಿರಬಹುದಲ್ವಾ? ಹಾಗಿದ್ದರೆ ತಪ್ಪು ಔಷಧಿಯದ್ದಲ್ಲ, ಅದನ್ನು ಕೊಟ್ಟ ರೀತಿಯದ್ದು.

ಆಮೇಲೆ ಕೋತಿಮರಿಗಳ ಮೇಲೂ ಕೆಲಸ ಶುರುವಾಯಿತು. ಅರ್ಕನ್ಸಾ ರಾಜ್ಯದ ಜೆಫರ್ಸನ್‌ನಲ್ಲಿ ಅಮೆರಿಕ ಸರ್ಕಾರದ ವಿಷವಿಜ್ಞಾನ ಕೇಂದ್ರವಿದೆ. ಅಲ್ಲಿನ ಮರ್ಲ್ ಪಾಲ್ ಮತ್ತು ಸಂಗಡಿಗರು 5–6 ದಿನದ ರೀಸಸ್ ಮರಿಗಳಿಗೆ 24 ಗಂಟೆ ಕೆಟಮಿನ್ ಕೊಟ್ಟಿದ್ದರು. ಆ ಮರಿಗಳು ಬೆಳೆದ ಮೇಲೆ ಕಲಿಕೆಯ ಆಟಗಳಲ್ಲಿ ಹಿಂದೆ ಬಿದ್ದವು, ಮೂರೂವರೆ ವರ್ಷ ದಾಟಿದ ಮೇಲೂ ಹಿಂದೆಯೇ ಉಳಿದವು. 2011ರಲ್ಲಿ ಪ್ರಕಟವಾದ ಈ ಫಲಿತಾಂಶ ಬಹಳ ಬಲವಾದದ್ದು. ಆದರೆ ಇಡೀ ಒಂದು ಹಗಲು ಒಂದು ರಾತ್ರಿ ಅರಿವಳಿಕೆ ಬೇಕಾಗುವ ಮಗು ಎಷ್ಟು ಅಪರೂಪ! ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಇದನ್ನು ಅನ್ವಯಿಸುವುದು ಕಷ್ಟವಾಯಿತು.

ಅಟ್ಲಾಂಟಾದ ತಂಡ ಏನು ಮಾಡಿತು

ಜೆಸ್ಸಿಕಾ ರೇಪರ್, ಮರಿಯಾ ಅಲ್ವರಾಡೊ, ಕ್ಯಾಥಿ ಮರ್ಫಿ ಮತ್ತು ಮಾರ್ಕ್ ಬ್ಯಾಕ್ಸ್ಟರ್ ಈ ಕೆಲಸ ಮಾಡಿದವರು. ಮೊದಲ ವರದಿ 2015ರಲ್ಲಿ ಬಂತು.

ಅವರ ಆಯ್ಕೆಗಳನ್ನು ಒಂದೊಂದಾಗಿ ನೋಡಬೇಕು. ಮೊದಲನೆಯದು ಔಷಧಿ. ಅವರು ಆರಿಸಿದ್ದು ಸೆವೊಫ್ಲುರೇನ್. ಇದರ ವಾಸನೆ ಅಷ್ಟು ಗಾಢವಲ್ಲ, ಮಗು ಕೆಮ್ಮದೆ ಉಸಿರೆಳೆದುಕೊಳ್ಳುತ್ತದೆ. ಹಾಗಾಗಿ ಮುಖಕ್ಕೆ ಮಾಸ್ಕ್ ಹಿಡಿದು ಮಕ್ಕಳನ್ನು ಮಲಗಿಸಲು ಬಹಳ ಕಡೆ ಇದನ್ನೇ ಬಳಸುತ್ತಾರೆ. ನಮ್ಮ ಊರಿನ ಆಸ್ಪತ್ರೆಗಳಲ್ಲೂ ಇದು ಇದೆ. ಎರಡನೆಯದು ಅವಧಿ. ನಾಲ್ಕು ಗಂಟೆ ಕಡಿಮೆಯೇನಲ್ಲ, ಆದರೆ ದೊಡ್ಡ ಆಪರೇಷನ್‌ಗಳಿಗೆ ಅಷ್ಟು ಹೊತ್ತು ಹಿಡಿಯುತ್ತದೆ. ಮೂರನೆಯದು ಪುನರಾವರ್ತನೆ. ಹುಟ್ಟಿನಿಂದಲೇ ತೊಂದರೆ ಇರುವ ಮಗು ಒಂದೇ ಸಲಕ್ಕೆ ಆಪರೇಷನ್ ಟೇಬಲ್‌ನಿಂದ ಪಾರಾಗುವುದಿಲ್ಲ. ಸೀಳುತುಟಿಗೆ ಒಮ್ಮೆ, ಅಂಗುಳಕ್ಕೆ ಇನ್ನೊಮ್ಮೆ, ನಡುವೆ ಸ್ಕ್ಯಾನಿಂಗ್‌ಗೆ ಮತ್ತೊಮ್ಮೆ. ಮೂರು ಸಲ ಎಂಬುದು ಆ ಮಗುವಿನ ಜೀವನಕ್ಕೆ ಹತ್ತಿರದ್ದು.

ಕೊಡುವ ರೀತಿಯಲ್ಲೂ ಇಷ್ಟೇ ಎಚ್ಚರ ವಹಿಸಿದರು. ಮರಿಯ ಉಸಿರಿಗೆ ಕೊಳವೆ ಹಾಕಿದರು, ಮೈ ತಣ್ಣಗಾಗದಂತೆ ನೋಡಿಕೊಂಡರು. ಆಮ್ಲಜನಕ, ರಕ್ತದೊತ್ತಡ, ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ಮಕ್ಕಳ ಥಿಯೇಟರಿನಲ್ಲಿ ಗಮನಿಸುವಂತೆಯೇ ಗಮನಿಸಿದರು. ಇಲಿಗಳ ಬಗ್ಗೆ ಎದ್ದ ‘ಉಸಿರು ಕಟ್ಟಿ ಸತ್ತಿರಬಹುದು’ ಎಂಬ ಸಂಶಯಕ್ಕೆ ಇಲ್ಲಿ ಜಾಗ ಬಹಳ ಕಡಿಮೆ.

ಆಪರೇಷನ್ ಮಾಡದೆ ಇದ್ದದ್ದೂ ಬೇಕೆಂದೇ ಮಾಡಿದ್ದು. ಮಕ್ಕಳ ಅಧ್ಯಯನಗಳಲ್ಲಿ ಇದೇ ದೊಡ್ಡ ತೊಡಕು. ಮೂರು ಸಲ ಆಪರೇಷನ್ ಆದ ಮಗುವಿಗೆ ಯಾವುದೋ ಕಾಯಿಲೆ ಇದ್ದೇ ಇರುತ್ತದೆ. ನೋವು, ಉರಿಯೂತ, ಆಸ್ಪತ್ರೆವಾಸ, ಮನೆಯವರ ಆತಂಕ ಎಲ್ಲ ಸೇರಿಕೊಳ್ಳುತ್ತವೆ. ಆ ಮಗು ಶಾಲೆಯಲ್ಲಿ ಹಿಂದೆ ಬಿದ್ದರೆ ಯಾವುದನ್ನು ದೂರುವುದು? ಅಟ್ಲಾಂಟಾದ ಮರಿಗಳು ಆರೋಗ್ಯವಾಗಿದ್ದವು, ತಾಯಿಯ ಹತ್ತಿರವೇ ಬೆಳೆದವು. ಪಕ್ಕದ ಹೋಲಿಕೆ ಗುಂಪಿನ ಮರಿಗಳನ್ನೂ ಅದೇ ವಯಸ್ಸಿನಲ್ಲಿ ತಾಯಿಯಿಂದ ಸ್ವಲ್ಪ ಹೊತ್ತು ಬೇರೆ ಮಾಡಿ ವಾಪಸ್ ಬಿಟ್ಟರು. ಒಂದೊಂದು ಗುಂಪಿನಲ್ಲಿ ಹತ್ತರ ಆಸುಪಾಸು ಮರಿಗಳಿದ್ದವು.

ಕೋತಿಯೇ ಯಾಕೆ ಎಂದರೆ, ಅದರ ಮಿದುಳು ಬೆಳೆಯುವ ರೀತಿ ನಮ್ಮದಕ್ಕೆ ಇಲಿಗಿಂತ ಎಷ್ಟೋ ಹತ್ತಿರ. ರೀಸಸ್ ಕೋತಿಯ ಒಂದು ವರ್ಷ ಮನುಷ್ಯರ ಸುಮಾರು ನಾಲ್ಕು ವರ್ಷಕ್ಕೆ ಸಮ ಎಂದು ಲೆಕ್ಕ ಹಾಕುತ್ತಾರೆ. ಆರು ತಿಂಗಳ ಮರಿ ಅಂದರೆ ಹತ್ತಿರ ಹತ್ತಿರ ಎರಡು ವರ್ಷದ ಮಗು. ಈ ಜಾತಿ ಮೂಲತಃ ನಮ್ಮ ಕಡೆಯದ್ದೇ. ಉತ್ತರ ಭಾರತದಲ್ಲಿ ಕಾಣುವ ಕೆಂಪು ಮುಖದ ಕೋತಿ ಅದು. ಕರ್ನಾಟಕದ ಗುಡಿ ಬೆಟ್ಟಗಳಲ್ಲಿ ಕಾಣುವ ಬಾನೆಟ್ ಕೋತಿ ಅದರ ಹತ್ತಿರದ ನೆಂಟ. ಮೊದಲು ಭಾರತದಿಂದ ರೀಸಸ್ ಕೋತಿಗಳು ದೊಡ್ಡ ಸಂಖ್ಯೆಯಲ್ಲಿ ಅಮೆರಿಕದ ಲ್ಯಾಬ್‌ಗಳಿಗೆ ಹೋಗುತ್ತಿದ್ದವು. 1978ರಲ್ಲಿ ಭಾರತ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಅದು ಆಗಲೇಬೇಕಿದ್ದ ಕೆಲಸ. ಈಗ ಅಮೆರಿಕದ ಇಂಥ ಕೇಂದ್ರಗಳು ತಮ್ಮಲ್ಲೇ ಮರಿ ಮಾಡಿಸಿ ಸಾಕುತ್ತವೆ. ಹುಟ್ಟಿದ ದಿನ ಗೊತ್ತಿರುವುದರಿಂದಲೇ ‘ಆರನೇ ದಿನ’ ಎಂದು ಖಚಿತವಾಗಿ ಹೇಳಲು ಸಾಧ್ಯ.

ಆರು ತಿಂಗಳಲ್ಲಿ: ಅಪರಿಚಿತರ ಎದುರು

ಮೊದಲು ಅಳೆದದ್ದು ಹೆದರಿಕೆಯನ್ನು. ಆರು ತಿಂಗಳ ಮರಿಯನ್ನು ತಾಯಿಯಿಂದ ಬೇರೆ ಮಾಡಿ, ಗೊತ್ತಿಲ್ಲದ ಕೋಣೆಯ ಪಂಜರದಲ್ಲಿ ಬಿಡುತ್ತಾರೆ. ಮೊದಲು ಮರಿ ಒಂದೇ ಇರುತ್ತದೆ. ಆಮೇಲೆ ಅಪರಿಚಿತರೊಬ್ಬರು ಒಳಗೆ ಬಂದು ಮುಖ ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತಾರೆ, ಮರಿಯ ಕಣ್ಣಿಗೆ ಕಣ್ಣು ಸೇರಿಸುವುದಿಲ್ಲ. ಕೊನೆಗೆ ನೇರವಾಗಿ ದಿಟ್ಟಿಸಿ ನೋಡುತ್ತಾರೆ. ಕೋತಿಗಳ ಲೋಕದಲ್ಲಿ ದಿಟ್ಟಿಸುವುದು ಅಂದರೆ ಬೆದರಿಕೆ. ಈ ಪರೀಕ್ಷೆಯನ್ನು 1980ರ ದಶಕದಲ್ಲಿ ನೆಡ್ ಕಾಲಿನ್ ಮತ್ತು ಸ್ಟೀವನ್ ಶೆಲ್ಟನ್ ರೂಪಿಸಿದರು.

ಸರಿಯಾಗಿ ಬೆಳೆದ ಮರಿಗೆ ಈ ಮೂರು ಸಂದರ್ಭಗಳ ವ್ಯತ್ಯಾಸ ಗೊತ್ತಾಗುತ್ತದೆ. ಒಂಟಿಯಾದಾಗ ತಾಯಿಯನ್ನು ಕೂಗುತ್ತದೆ. ಪಕ್ಕಕ್ಕೆ ತಿರುಗಿದ ಮುಖ ಕಂಡಾಗ, ಇನ್ನೂ ತನ್ನನ್ನು ನೋಡಿಲ್ಲ ಎಂದು ಅಲುಗಾಡದೆ ಕೂರುತ್ತದೆ. ದಿಟ್ಟಿಸಿದಾಗ ಹಲ್ಲು ತೋರಿಸಿ ಎದುರು ನಿಲ್ಲುತ್ತದೆ. ಇದರ ಜೊತೆಗೆ ಕೋತಿಗಳಲ್ಲಿ ಗಾಬರಿಯ ಕೆಲವು ಗುರುತುಗಳಿವೆ. ಮೈ ಕೆರೆದುಕೊಳ್ಳುವುದು, ಆಕಳಿಸುವುದು, ಹಲ್ಲು ಕಡಿಯುವುದು, ಮೈ ಕೊಡವುವುದು. ನೋಡುವವರಿಗೆ ಏನೂ ಅಲ್ಲ ಅನ್ನಿಸುವ ಈ ಸಣ್ಣ ಚಲನೆಗಳನ್ನೇ ವಿಡಿಯೊ ನೋಡಿ ಎಣಿಸುತ್ತಾರೆ.

ಮೂರು ಸಲ ಸೆವೊಫ್ಲುರೇನ್ ಪಡೆದಿದ್ದ ಮರಿಗಳಲ್ಲಿ ಈ ಗಾಬರಿಯ ಗುರುತುಗಳು ಹೋಲಿಕೆ ಗುಂಪಿಗಿಂತ ಜಾಸ್ತಿ ಕಂಡವು. ಕೊನೆಯ ಅರಿವಳಿಕೆ ಆಗಿ ಅಷ್ಟೊತ್ತಿಗೆ ನಾಲ್ಕು ತಿಂಗಳು ದಾಟಿತ್ತು. ದೇಹದಲ್ಲಿ ಔಷಧಿಯ ಸುಳಿವೂ ಇರಲು ಸಾಧ್ಯವಿಲ್ಲ. ಮರಿಗಳು ತಿನ್ನುತ್ತಿದ್ದವು, ಆಡುತ್ತಿದ್ದವು. ಮಾಮೂಲಿ ದಿನದಲ್ಲಿ ಯಾರೂ ಅವನ್ನು ಬೇರೆ ಎಂದು ಗುರುತಿಸಲಾರರು. ಒತ್ತಡ ಬಂದಾಗ ಮಾತ್ರ ವ್ಯತ್ಯಾಸ ಹೊರಗೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಅಪ್ಪ ಅಮ್ಮ ‘ಆಪರೇಷನ್ ಆದ ಮೇಲೆ ಮಗು ಬಹಳ ಹೆದರುತ್ತೆ ಡಾಕ್ಟ್ರೇ’ ಅಂದರೆ, ‘ಆಸ್ಪತ್ರೆ ನೋಡಿ ಹೆದರಿದೆ, ಸರಿ ಹೋಗುತ್ತೆ ಬಿಡಿ’ ಎಂಬ ಉತ್ತರ ಸಿಗುವುದೇ ಹೆಚ್ಚು. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಆ ಮಾತನ್ನು ಕೇಳಿಸಿಕೊಂಡು ಬರೆದಿಡುವುದರಿಂದ ನಷ್ಟವಿಲ್ಲ. ಈ ಪ್ರಕರಣದಲ್ಲಿ ಮೊದಲು ಕಂಡ ಗುರುತು ಅದೇ.

ಅದೇ ಮರಿಗಳನ್ನು ಒಂದು ವರ್ಷಕ್ಕೂ ಎರಡು ವರ್ಷಕ್ಕೂ ಮತ್ತೆ ಇದೇ ರೀತಿ ಪರೀಕ್ಷಿಸಿದರು. 2018ರ ವರದಿಯ ಪ್ರಕಾರ ವ್ಯತ್ಯಾಸ ಹೋಗಿರಲಿಲ್ಲ. ಎರಡು ವರ್ಷದ ರೀಸಸ್ ಅಂದರೆ ಶಾಲೆಗೆ ಹೋಗುವ ಮಗುವಿನ ವಯಸ್ಸು. ಎಳೆಯ ವಯಸ್ಸಿನ ಹೆದರಿಕೆ ಬೆಳೆಯುತ್ತಾ ಕಳೆದುಹೋಗುತ್ತದೆ ಎಂಬ ಸಮಾಧಾನಕ್ಕೆ ಈ ಕೋತಿಗಳಲ್ಲಿ ಆಧಾರ ಸಿಗಲಿಲ್ಲ.

ನೆನಪು: ತಡವಾಗಿ ಕಂಡ ಕೊರತೆ

ನೆನಪನ್ನು ಅಳೆಯಲು ಅವರು ಬಳಸಿದ ಪರೀಕ್ಷೆ ನನಗೆ ತುಂಬಾ ಇಷ್ಟ. ಇದರಲ್ಲಿ ತರಬೇತಿ ಇಲ್ಲ, ತಿಂಡಿಯ ಆಸೆ ತೋರಿಸುವುದಿಲ್ಲ, ಶಿಕ್ಷೆಯೂ ಇಲ್ಲ. ಪರದೆಯ ಮೇಲೆ ಒಂದು ಚಿತ್ರ ತೋರಿಸುತ್ತಾರೆ. ಸ್ವಲ್ಪ ಹೊತ್ತು ಬಿಡುತ್ತಾರೆ. ಆಮೇಲೆ ಅದೇ ಚಿತ್ರದ ಪಕ್ಕದಲ್ಲಿ ಹೊಸದೊಂದನ್ನು ಇಡುತ್ತಾರೆ. ಮರಿ ಯಾವುದನ್ನು ಎಷ್ಟು ಹೊತ್ತು ನೋಡಿತು ಎಂದು ಕಣ್ಣಿನ ಚಲನೆಯಿಂದ ಅಳೆಯುತ್ತಾರೆ. ಹಳೆಯದು ನೆನಪಿದ್ದರೆ ಕಣ್ಣು ಹೊಸದರ ಕಡೆ ಹೋಗುತ್ತದೆ. ನೆನಪಿಲ್ಲದಿದ್ದರೆ ಎರಡೂ ಹೊಸದೇ, ಎರಡನ್ನೂ ಸಮವಾಗಿ ನೋಡುತ್ತದೆ. ಮಾತು ಬಾರದ ಮನುಷ್ಯ ಶಿಶುಗಳ ನೆನಪನ್ನೂ ಹೀಗೆಯೇ ಅಳೆಯುತ್ತಾರೆ.

ಮರಿಗಳು ತೀರಾ ಎಳೆಯವಿದ್ದಾಗ ಮಾಡಿದ ಪರೀಕ್ಷೆಯಲ್ಲಿ ಎರಡು ಗುಂಪುಗಳೂ ಒಂದೇ ಥರ ಇದ್ದವು. ಅಲ್ಲಿಗೆ ನಿಲ್ಲಿಸಿದ್ದರೆ ‘ನೆನಪಿಗೆ ಏನೂ ಆಗಿಲ್ಲ’ ಎಂಬ ವರದಿ ಹೊರಬರುತ್ತಿತ್ತು. ಅವರು ನಿಲ್ಲಿಸಲಿಲ್ಲ. ಒಂದು ವರ್ಷ ದಾಟಿದ ಮೇಲಿನ ಪರೀಕ್ಷೆಯಲ್ಲಿ, ಎರಡು ಚಿತ್ರಗಳ ನಡುವಿನ ಸಮಯವನ್ನು ಹೆಚ್ಚಿಸಿದಾಗ, ಅರಿವಳಿಕೆ ಪಡೆದಿದ್ದ ಕೋತಿಗಳು ಹಿಂದೆ ಬಿದ್ದವು. ನೋಡಿದ ಚಿತ್ರ ಅವುಗಳ ನೆನಪಿನಲ್ಲಿ ಅಷ್ಟು ಹೊತ್ತು ಉಳಿಯುತ್ತಿರಲಿಲ್ಲ. ಇದು 2017ರ ವರದಿ.

ಆರೋಗ್ಯವಂತ ಮರಿಯ ನೆನಪು ವಯಸ್ಸಿನ ಜೊತೆ ಬಲಗೊಳ್ಳುತ್ತಾ ಹೋಗುತ್ತದೆ, ಅದಕ್ಕೆ ಬೇಕಾದ ಮಿದುಳಿನ ಜಾಲ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಅಡಿಪಾಯದಲ್ಲಿ ಸಣ್ಣ ಲೋಪವಿದ್ದರೆ ಮೊದಲ ಮಹಡಿಯಲ್ಲಿ ಅದು ಗೊತ್ತಾಗದೆ ಹೋಗಬಹುದು. ಮೇಲಿನ ಮಹಡಿ ಕಟ್ಟುವಾಗ ಗೊತ್ತಾಗುತ್ತದೆ. ಹೀಗೆಂದು ನಾನು ಈ ಫಲಿತಾಂಶವನ್ನು ಓದುತ್ತೇನೆ. ಇಲಿಗಳಲ್ಲೂ ಇದಕ್ಕೆ ಜೊತೆ ಸಿಗುತ್ತದೆ. 2010ರಲ್ಲಿ ಸ್ವೀಡನ್ನಿನ ಯೊತೆಬೊರಿಯ ತಂಡವೊಂದು 14 ದಿನದ ಇಲಿಮರಿಗಳಿಗೆ ದಿನಕ್ಕೆ 35 ನಿಮಿಷದಂತೆ ನಾಲ್ಕು ದಿನ ಐಸೊಫ್ಲುರೇನ್ ಕೊಟ್ಟಿತು. ನೆನಪಿನ ಕೊರತೆ ವಯಸ್ಸಾದಂತೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳಿಗೆ ಮೂಲವಾದ ಕಾಂಡಕೋಶಗಳು ಕಡಿಮೆಯಾಗಿದ್ದವು. ದೊಡ್ಡ ಇಲಿಗಳಿಗೆ ಅದೇ ಔಷಧಿ ಕೊಟ್ಟಾಗ ಹೀಗಾಗಲಿಲ್ಲ.

ಒಳಗೆ ಏನಾಗಿರಬಹುದು

ಎಳೆಯ ನರಕೋಶಕ್ಕೆ ಸುತ್ತಲಿನ ಸದ್ದು ಬೇಕು. ಪಕ್ಕದ ಕೋಶಗಳಿಂದ ಸಂಕೇತ ಬರುತ್ತಿದ್ದರೆ ಅದು ಬದುಕುತ್ತದೆ, ಕೊಂಡಿ ಹಾಕಿಕೊಳ್ಳುತ್ತದೆ. ಸಂಕೇತ ನಿಂತರೆ ತನ್ನನ್ನು ತಾನೇ ಮುಗಿಸಿಕೊಳ್ಳುವ ವ್ಯವಸ್ಥೆ ಅದರೊಳಗೇ ಇದೆ. ಬೇಡದ ಕೋಶಗಳನ್ನು ತೆಗೆಯಲು ಪ್ರಕೃತಿ ಇಟ್ಟ ದಾರಿ ಅದು. ಅರಿವಳಿಕೆ ಗಂಟೆಗಟ್ಟಲೆ ಸಂಕೇತಗಳನ್ನು ತಗ್ಗಿಸಿದರೆ, ಬೇಕಾದ ಕೋಶಗಳೂ ಆ ದಾರಿ ಹಿಡಿಯುತ್ತವೆ ಎಂಬುದು ಒಂದು ವಿವರಣೆ.

ಸೆವೊಫ್ಲುರೇನ್ ಮುಖ್ಯವಾಗಿ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಬಲ ಕೊಡುತ್ತದೆ. ಬೆಳೆದ ಮಿದುಳಿನಲ್ಲಿ ಗಾಬಾ ನರಕೋಶವನ್ನು ಸುಮ್ಮನಾಗಿಸುತ್ತದೆ. ಎಳೆಯ ನರಕೋಶದ ಒಳಗೆ ಕ್ಲೋರೈಡ್ ಜಾಸ್ತಿ ಇರುವುದರಿಂದ ಅಲ್ಲಿ ಅದೇ ಗಾಬಾ ಕೆರಳಿಸುತ್ತದೆ. ಒಂದೇ ಔಷಧಿ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಕೆಲಸ ಮಾಡಲು ಇದೂ ಕಾರಣ. ಸಾಯುವುದು ನರಕೋಶ ಮಾತ್ರವೂ ಅಲ್ಲ. ನರದ ಎಳೆಗಳಿಗೆ ಹೊದಿಕೆ ಕಟ್ಟುವ ಆಲಿಗೊಡೆಂಡ್ರೊಸೈಟ್ ಕೋಶಗಳೂ ಐಸೊಫ್ಲುರೇನ್‌ನಿಂದ ಸಾಯುತ್ತವೆ ಎಂದು ಕೋತಿಮರಿಗಳಲ್ಲಿ 2012ರಲ್ಲಿ ಕಂಡುಬಂತು.

ಪುನರಾವರ್ತನೆ ಯಾಕೆ ಮುಖ್ಯ ಎಂಬುದಕ್ಕೆ 2013ರ ಒಂದು ಇಲಿ ಅಧ್ಯಯನ ಒಳ್ಳೆಯ ಸುಳಿವು ಕೊಡುತ್ತದೆ. ಆರು ದಿನದ ಮರಿಗಳಿಗೆ ದಿನಕ್ಕೆ ಎರಡು ಗಂಟೆಯಂತೆ ಮೂರು ದಿನ ಸೆವೊಫ್ಲುರೇನ್ ಕೊಟ್ಟಾಗ ಮಿದುಳಿನಲ್ಲಿ ಉರಿಯೂತ ಎದ್ದಿತು, ಮುಂದೆ ಕಲಿಕೆ ಕುಂಠಿತವಾಯಿತು. ಒಂದೇ ದಿನ ಎರಡು ಗಂಟೆ ಕೊಟ್ಟಾಗ ಹಾಗಾಗಲಿಲ್ಲ. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಎರಡನೆಯದು ಬಿದ್ದರೆ ಲೆಕ್ಕ ಬೇರೆಯಾಗುತ್ತದೆ.

ನನ್ನ ಸಂಶಯಗಳು

ಈ ಪ್ರಕರಣವನ್ನು ನಾನು ಗೌರವಿಸುತ್ತೇನೆ. ಅದಕ್ಕೇ ಅದರ ದುರ್ಬಲ ಜಾಗಗಳನ್ನೂ ಹೇಳಬೇಕು.

ಮೊದಲ ಸಂಶಯ ತಾಯಿಯದ್ದು. ಅರಿವಳಿಕೆ ಪಡೆದ ಮರಿಗಳು ನಾಲ್ಕು ಗಂಟೆಗೂ ಹೆಚ್ಚು ತಾಯಿಯಿಂದ ದೂರ ಇದ್ದವು. ಹೋಲಿಕೆ ಗುಂಪಿನ ಮರಿಗಳ ಅಗಲಿಕೆ ಚಿಕ್ಕದು. ಎಳೆಯ ಕೋತಿಮರಿಗೆ ತಾಯಿಯ ಅಗಲಿಕೆ ದೊಡ್ಡ ಸಂಕಟ. ಅದರಿಂದಲೇ ಗಾಬರಿಯ ಸ್ವಭಾವ ಬೆಳೆಯಬಹುದಲ್ವಾ? ಆ ಗಂಟೆಗಳಲ್ಲಿ ಮರಿಗೆ ಪ್ರಜ್ಞೆ ಇರಲಿಲ್ಲ, ಹಾಗಾಗಿ ಅಗಲಿಕೆ ಅದಕ್ಕೆ ಗೊತ್ತಾಗಿರಲಿಕ್ಕಿಲ್ಲ ಎಂದು ವಾದಿಸಬಹುದು. ಆದರೆ ತಾಯಿಗೆ ಎಚ್ಚರವಿತ್ತು, ಮರಿ ವಾಪಸ್ ಬಂದಾಗ ಅವಳ ನಡವಳಿಕೆ ಬದಲಾಗಿರಬಹುದು. ಗಾಬರಿಯ ವಿಷಯದಲ್ಲಿ ಈ ಸಂಶಯ ನನಗೆ ಪೂರ್ತಿ ಹೋಗಿಲ್ಲ. ಒಂದು ವರ್ಷ ಕಳೆದ ಮೇಲೆ ಕಾಣುವ ಚಿತ್ರದ ಮರೆವಿಗೆ ಮಾತ್ರ ಅಗಲಿಕೆ ಸಾಕಷ್ಟು ಕಾರಣವಲ್ಲ ಅನ್ನಿಸುತ್ತದೆ.

ಎರಡನೆಯದು ಸಂಖ್ಯೆ. ಹತ್ತು ಹತ್ತು ಮರಿಗಳ ಗುಂಪಿನಲ್ಲಿ ಒಂದೆರಡು ಮರಿಗಳ ಸ್ವಭಾವವೇ ಸರಾಸರಿಯನ್ನು ಎಳೆಯಬಹುದು. ಇಲ್ಲಿ ಸಮಾಧಾನ ಕೊಡುವುದು ಬೇರೆ ಕಡೆಯ ಸಾಕ್ಷಿ. ಒರೆಗಾನ್ ರಾಜ್ಯದ ಕೋತಿ ಕೇಂದ್ರದಲ್ಲಿ ಕ್ರಿಸ್ಟೀನ್ ಕೋಲ್ಮನ್ ಮತ್ತು ಸಂಗಡಿಗರು ಬೇರೆ ಔಷಧಿಯಾದ ಐಸೊಫ್ಲುರೇನ್ ಅನ್ನು ಐದು ಗಂಟೆ ಕೊಟ್ಟರು. ಕೆಲವು ಮರಿಗಳಿಗೆ ಒಂದು ಸಲ, ಕೆಲವಕ್ಕೆ ಮೂರು ಸಲ. ಮೂರು ಸಲ ಪಡೆದವುಗಳಲ್ಲಿ ಒಂದು ತಿಂಗಳಿಗೆ ಕೈಕಾಲಿನ ಪ್ರತಿಕ್ರಿಯೆಗಳು ಹಿಂದುಳಿದಿದ್ದವು. ಒಂದು ವರ್ಷದಲ್ಲಿ ಹೊಸ ಗುಂಪಿಗೆ ಬಿಟ್ಟಾಗ ಗಾಬರಿ ಜಾಸ್ತಿ ಇತ್ತು. ಬೇರೆ ಊರು, ಬೇರೆ ತಂಡ, ಬೇರೆ ಔಷಧಿ. ಅಲ್ಲೂ ಮತ್ತೆ ಎದ್ದು ಬಂದದ್ದು ಗಾಬರಿ.

ಮೂರನೆಯದು, ನೋವಿಲ್ಲದ ಅರಿವಳಿಕೆಗೂ ಆಪರೇಷನ್ ನಡೆಯುವಾಗಿನ ಅರಿವಳಿಕೆಗೂ ವ್ಯತ್ಯಾಸವಿದೆ. ಆಪರೇಷನ್ ಆಗುವ ಮಗುವಿಗೆ ಅರಿವಳಿಕೆ ಕೊಡದೆ ಇದ್ದರೆ ಆಗುವ ಹಾನಿ ಇದಕ್ಕಿಂತ ಎಷ್ಟೋ ದೊಡ್ಡದು. ಈ ಬಗ್ಗೆ ಯಾರಿಗೂ ಅನುಮಾನ ಬೇಡ.

ಮಕ್ಕಳ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ

2009ರಲ್ಲಿ ಮಿನೆಸೋಟದ ಮೇಯೊ ಕ್ಲಿನಿಕ್ ತಂಡ 5,357 ಮಕ್ಕಳ ಹಳೆಯ ದಾಖಲೆ ತೆಗೆದು ನೋಡಿತು. ಅವರಲ್ಲಿ 593 ಮಕ್ಕಳು ನಾಲ್ಕು ವರ್ಷದೊಳಗೆ ಅರಿವಳಿಕೆ ಪಡೆದಿದ್ದರು. ಒಂದೇ ಸಲ ಪಡೆದವರಲ್ಲಿ ಕಲಿಕೆಯ ತೊಂದರೆ ಹೆಚ್ಚಿರಲಿಲ್ಲ. ಎರಡು ಸಲ ಪಡೆದವರಲ್ಲಿ ಅಪಾಯ 1.59 ಪಟ್ಟು, ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಪಡೆದವರಲ್ಲಿ 2.60 ಪಟ್ಟು ಇತ್ತು. ಇದು ಕಾರಣವನ್ನು ಸಾಬೀತು ಮಾಡುವುದಿಲ್ಲ. ಪದೇ ಪದೇ ಆಪರೇಷನ್ ಬೇಕಾದ ಮಗುವಿನ ಕಾಯಿಲೆಯೂ ಕಾರಣವಿರಬಹುದು. ಆದರೆ ಸಲಗಳ ಸಂಖ್ಯೆ ಏರಿದಂತೆ ಅಪಾಯ ಏರುವ ರೀತಿ ಕೋತಿಗಳ ಪ್ರಕರಣಕ್ಕೆ ಹೊಂದುತ್ತದೆ.

ಒಂದೇ ಸಲದ, ಚಿಕ್ಕ ಅರಿವಳಿಕೆಯ ವಿಷಯದಲ್ಲಿ ನಿಜಕ್ಕೂ ನೆಮ್ಮದಿ ಕೊಡುವ ಸಾಕ್ಷಿ ಇದೆ. ಹಲವು ದೇಶಗಳ 722 ಶಿಶುಗಳ ಹರ್ನಿಯಾ ಆಪರೇಷನ್‌ನಲ್ಲಿ ಅರ್ಧ ಮಕ್ಕಳಿಗೆ ಸೆವೊಫ್ಲುರೇನ್, ಉಳಿದ ಅರ್ಧಕ್ಕೆ ಎಚ್ಚರವಿರುವಾಗಲೇ ಸೊಂಟದ ಕೆಳಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಅರಿವಳಿಕೆಯ ಸಮಯ ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಐದು ವರ್ಷಕ್ಕೆ ಅಳೆದಾಗ ಎರಡು ಗುಂಪಿನ ಐಕ್ಯೂ 99ರ ಆಸುಪಾಸು, ವ್ಯತ್ಯಾಸವೇ ಇಲ್ಲ. ಈ ಫಲಿತಾಂಶ 2019ರಲ್ಲಿ ಬಂತು. ಮಗುವಿಗೆ ಒಮ್ಮೆ ಹರ್ನಿಯಾ ಆಪರೇಷನ್ ಆಗಿದ್ದರೆ ಅದರ ಬಗ್ಗೆ ಕೊರಗುವ ಕಾರಣವಿಲ್ಲ.

2018ರಲ್ಲಿ ಮೇಯೊ ಕ್ಲಿನಿಕ್ ಮತ್ತೆ 997 ಮಕ್ಕಳನ್ನು ಕರೆಸಿ ನೇರವಾಗಿ ಪರೀಕ್ಷೆ ಮಾಡಿತು. ಅದರಲ್ಲಿ 206 ಮಕ್ಕಳು ಮೂರು ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಸಲ ಅರಿವಳಿಕೆ ಪಡೆದವರು. ಐಕ್ಯೂ ಇವರಲ್ಲೂ ಕಡಿಮೆ ಇರಲಿಲ್ಲ. ಆದರೆ ಯೋಚನೆಯ ವೇಗದಲ್ಲಿ, ಬೆರಳುಗಳ ಸೂಕ್ಷ್ಮ ಕೆಲಸದಲ್ಲಿ ಸ್ವಲ್ಪ ಹಿಂದಿದ್ದರು. ಓದುವುದರಲ್ಲೂ ನಡವಳಿಕೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದರಲ್ಲೂ ತೊಂದರೆ ಇದೆ ಎಂದು ಅಪ್ಪ ಅಮ್ಮಂದಿರು ಹೇಳಿದರು. ಇದನ್ನು ಓದಿದಾಗ ಅಟ್ಲಾಂಟಾದ ಮರಿಗಳು ನೆನಪಾಗದೆ ಇರುವುದಿಲ್ಲ. ಐಕ್ಯೂ ಎಂಬ ಒಂದೇ ಅಂಕಿಯನ್ನು ನೋಡಿದರೆ ಎಲ್ಲ ಸರಿಯಿದೆ. ನಡವಳಿಕೆ, ವೇಗ, ಗಾಬರಿ ಎಂದು ಬಿಡಿಸಿ ಕೇಳಿದರೆ ಉತ್ತರ ಬದಲಾಗುತ್ತದೆ.

ಇಂಥ ಪ್ರಾಣಿ ಅಧ್ಯಯನಗಳ ಹಿನ್ನೆಲೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ಮೂರು ವರ್ಷದೊಳಗಿನ ಮಕ್ಕಳಿಗೂ ಗರ್ಭದ ಕೊನೆಯ ಮೂರು ತಿಂಗಳಲ್ಲಿರುವ ಹೆಂಗಸರಿಗೂ ಮೂರು ಗಂಟೆಗಿಂತ ಹೆಚ್ಚು ಹೊತ್ತು, ಅಥವಾ ಪದೇ ಪದೇ ಅರಿವಳಿಕೆ ಕೊಟ್ಟರೆ ಮಗುವಿನ ಮಿದುಳಿನ ಬೆಳವಣಿಗೆಗೆ ತೊಂದರೆಯಾಗಬಹುದು ಎಂದು. ಅಗತ್ಯವಿರುವ ಆಪರೇಷನ್ ಮುಂದೂಡಬೇಡಿ ಎಂಬ ಮಾತನ್ನೂ ಅದು ಸೇರಿಸಿತು.

ಮನೆಯವರು ಕೇಳಬಹುದಾದ ಪ್ರಶ್ನೆಗಳು

ಮಗುವಿಗೆ ಹೃದಯದ ಆಪರೇಷನ್ ಬೇಕಿದ್ದರೆ, ಕರುಳು ಸಿಕ್ಕಿಕೊಂಡಿದ್ದರೆ, ಯೋಚನೆ ಮಾಡುತ್ತಾ ಕೂರುವ ಮಾತಿಲ್ಲ. ಆದರೆ ತಡ ಮಾಡಬಹುದಾದ, ಒಟ್ಟಿಗೆ ಸೇರಿಸಬಹುದಾದ ಕೆಲಸಗಳೂ ಇರುತ್ತವೆ. ಎರಡು ಸಣ್ಣ ಆಪರೇಷನ್‌ಗಳನ್ನು ಒಂದೇ ಅರಿವಳಿಕೆಯಲ್ಲಿ ಮುಗಿಸಲು ಆಗುತ್ತದಾ? ಎಂಆರ್‌ಐಗೆ ಪುಟ್ಟ ಶಿಶುವನ್ನು ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ತಾನಾಗಿ ಮಲಗಿಸಿಯೇ ತೆಗೆಯಲು ಆಗುತ್ತದಾ? ಈ ಜಾಗಕ್ಕೆ ಮಾತ್ರ ಮರಗಟ್ಟಿಸಿದರೆ ಸಾಕಾ? ಈ ಸ್ಕ್ಯಾನ್ ಈಗಲೇ ಬೇಕಾ, ಮೂರು ವರ್ಷವಾದ ಮೇಲೆ ನಡೆಯುತ್ತದಾ? ಇವು ವೈದ್ಯರನ್ನು ಅನುಮಾನಿಸುವ ಪ್ರಶ್ನೆಗಳಲ್ಲ. ಒಳ್ಳೆಯ ಅರಿವಳಿಕೆ ತಜ್ಞರು ಇವನ್ನು ತಾವೇ ಕೇಳಿಕೊಂಡಿರುತ್ತಾರೆ.

ಈಗಾಗಲೇ ಹಲವು ಸಲ ಅರಿವಳಿಕೆ ಆಗಿರುವ ಮಗುವಿನ ಮನೆಯವರಿಗೆ ಇಲಿಗಳಿಂದ ಒಂದು ಒಳ್ಳೆಯ ಸುದ್ದಿ ಇದೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತಂಡವೊಂದು, ಸೆವೊಫ್ಲುರೇನ್ ಪಡೆದಿದ್ದ ಇಲಿಮರಿಗಳನ್ನು ಕೆಲವು ವಾರ ಬಿಟ್ಟು ಆಟದ ಸಾಮಾನು, ಜೊತೆಗಾರರು, ಓಡಾಡಲು ಜಾಗ ಇರುವ ದೊಡ್ಡ ಪಂಜರಕ್ಕೆ ಸೇರಿಸಿತು. ಅವುಗಳ ನೆನಪಿನ ಕೊರತೆ ನೀಗಿತು. ಚಿಕ್ಕ, ಬರಿದಾದ ಪಂಜರದಲ್ಲೇ ಉಳಿದವುಗಳಲ್ಲಿ ಕೊರತೆ ಹಾಗೇ ಇತ್ತು. ತಡವಾಗಿ ಶುರು ಮಾಡಿದರೂ ಫಲ ಸಿಕ್ಕಿತು ಎಂಬುದು ಇದರಲ್ಲಿ ಮುಖ್ಯ.

ಇನ್ನೊಂದು ಕೆಲಸ ಮನೆಯಲ್ಲೇ ಮಾಡಬಹುದು. ಪ್ರತಿ ಸಲ ಡಿಸ್ಚಾರ್ಜ್ ಆಗುವಾಗ ಯಾವ ಅರಿವಳಿಕೆ, ಎಷ್ಟು ಹೊತ್ತು, ಮಗುವಿಗೆ ಆಗ ಎಷ್ಟು ತಿಂಗಳು ಎಂಬುದನ್ನು ಬರೆಸಿಕೊಂಡು ಒಂದೇ ಫೈಲಿನಲ್ಲಿ ಇಡಿ. ಬೇರೆ ಆಸ್ಪತ್ರೆಗೆ ಹೋದಾಗ ಅದನ್ನು ಮೊದಲು ತೋರಿಸಿ. ಶಾಲೆ ಸೇರಿದ ಮೇಲೂ ವರ್ಷಕ್ಕೊಮ್ಮೆ ಮಕ್ಕಳ ವೈದ್ಯರ ಹತ್ತಿರ ಓದು, ಗಮನ, ಹೆದರಿಕೆ ಮೂರರ ಬಗ್ಗೆಯೂ ಬಿಡಿಸಿ ಮಾತಾಡಿ. ಎರಡು ವರ್ಷಕ್ಕೆ ಎಲ್ಲ ಸರಿಯಿತ್ತು ಎಂದು ಆ ಫೈಲನ್ನು ಮುಚ್ಚಿಡಬೇಡಿ.